ಪೂರ್ವ ವಾಯು ಕಮಾಂಡು

ಒಂದು ಗಂಟೆಯೊಳಗೆ ನೂರಾರು ಮೈಲಿಗಳನ್ನು ಕ್ರಮಿಸಬಲ್ಲ ವಿಮಾನಗಳಿಗೆ ಪ್ರಾಂತಭೇದವೇಕೆ ಎಂಬ ಪ್ರಶ್ನೆ ಸಹಜವಾದುದು. ಆದರೂ ಭಾರತೀಯ ವಾಯುಸೇನೆಯ ಏಳು ಕಮಾಂಡುಗಳಲ್ಲಿ ಐದು ಪ್ರದೇಶವನ್ನನುಸರಿಸಿ ಏರ್ಪಟ್ಟಿವೆ. ಬೆಂಗಳೂರಿನ ತರಬೇತಿ ಕಮಾಂಡು, ನಾಗಪುರದ ನಿರ್ವಹಣಾ ಕಮಾಂಡು ಇವೆರಡು ಮಾತ್ರ ಕಾರ್ಯವನ್ನನುಸರಿಸಿದುವು. ಈ ವಿಭಾಗದ ಕಾರಣವು ಪೂರ್ವ ವಾಯು ಕಮಾಂಡಿನ ಚರಿತ್ರೆಯಿಂದ ಸ್ಪಷ್ಟವಾಗಿ ತಿಳಿದುಬರುತ್ತದೆ.

1958ರಲ್ಲಿ ಕಲ್ಕತ್ತೆಯಲ್ಲಿ ಒಂದು ಗ್ರೂಪಿನ ರೂಪದಿಂದ ಆರಂಭವಾದ ಈ ಸಂಸ್ಥೆಯು, ಟಿಬೆಟ್ಟಿನ ಗಡಿಯಲ್ಲಿ ಆತಂಕವು ಹೆಚ್ಚಿದುದರಿಂದ ಮರುವರ್ಷವೇ ಕಮಾಂಡಿನ ಪದವಿಯನ್ನು ಪಡೆಯಿತು. 1962ರ ಚೀನಾ ಯುದ್ಧದಲ್ಲಿ ಭಾರತವು ವಿಮಾನಗಳನ್ನು ದಾಳಿಗೆ ಬಳಸಲಿಲ್ಲ. ಅವು ಗುಡ್ಡಗಾಡಿನ ಠಾಣ್ಯಗಳಿಗೆ ಆಹಾರವನ್ನೂ ಮದ್ದುಗುಂಡುಗಳನ್ನೂ ಒದಗಿಸುತ್ತಿದ್ದುವು. 1963ರಲ್ಲಿ ಕೇಂದ್ರಸ್ಥಾನವು ಶಿಲ್ಲಾಂಗಿಗೆ ಬಂದಿತು.

ಈಶಾನ್ಯ ಭಾರತಕ್ಕೆ ದೇಶದ ಉಳಿದ ಭಾಗದೊಡನೆ ಭೂಸಂಬಂಧವಿರುವುದು ಸಿಲಿಗುರಿಯ ಬಳಿಯ ಇಕ್ಕಟ್ಟಾದ ನೆಲದ ಮೂಲಕ ಮಾತ್ರ. ಅದರ ಅಗಲವು ತೀರ ಕಿರಿದಾದೆಡೆಯಲ್ಲಿ ಸುಮಾರು 22 ಕಿಲೋಮೀಟರು. ಅದರಾಚೆಗೆ ಮಳೆಗಾಡು, ಕಡಿದಾದ ಬೆಟ್ಟಗಳು. ಬೆಟ್ಟಗಳ ನಡುವೆ ಮೆಚುಕಾ, ಟೂಟಿಂಗ್, ವಾಲಾಂಗ್ ಮೊದಲಾದ ಸಣ್ಣ ಇಳಿದಾಣಗಳು. ಕಣಿವೆಗೆ ಮೋಡ ಕವಿದರೆ ಅಲ್ಲಿ ಇಳಿಯುವುದು ದುಸ್ಸಾಧ್ಯ. ವಿಮಾನವು ಬೇರೆಡೆಯಿಂದ ಬರಬಹುದು; ಆದರೆ ರನ್‌ವೇ, ಇಂಧನ, ರಾಡಾರು, ಹವೆಯ ಗತಿಯನ್ನು ಬಲ್ಲ ಜನ ಇವೆಲ್ಲ ಮೊದಲೇ ಅಲ್ಲಿರಬೇಕು. ಪ್ರಾದೇಶಿಕ ಕಮಾಂಡಿನ ಮುಖ್ಯ ಕರ್ತವ್ಯವೆಂದರೆ ಇವನ್ನು ಸಿದ್ಧವಾಗಿರಿಸುವುದೇ.

ಇದರ ಫಲವು 1971ರಲ್ಲಿ ಕಂಡುಬಂದಿತು. ಡಿಸೆಂಬರ್ ಮೊದಲ ವಾರದಲ್ಲಿಯೇ ಢಾಕಾದ ತೇಜಗಾಂವ್ ನಿಲ್ದಾಣದ ರನ್‌ವೇ ಹಾಳಾಗಿ, ಅಲ್ಲಿದ್ದ ಪಾಕಿಸ್ತಾನದ ಸೇಬರ್ ವಿಮಾನಗಳು ಮೇಲೇಳದಂತಾದುವು. ಆಕಾಶವು ನಿರ್ಭಯವಾದುದರಿಂದಲೇ ನಿಧಾನಗತಿಯ ಹೆಲಿಕಾಪ್ಟರುಗಳು ಸೈನಿಕರನ್ನು ಮೇಘನಾ ನದಿಯಾಚೆಗೆ ಸಾಗಿಸಿದುವು. 11ನೆಯ ತಾರೀಖು ಟಾಂಗೈಲಿನಲ್ಲಿ ಪ್ಯಾರಾಚೂಟ್ ಪಡೆ ಇಳಿಯಿತು. 16ರಂದು ಢಾಕಾದಲ್ಲಿ ಶರಣಾಗತಿಯಾಯಿತು.

ಆದರೆ ಒಂದು ತೊಡಕಿತ್ತು. ಭೂಸೇನೆಯ ಪೂರ್ವ ಕಮಾಂಡು ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿಯೂ ವಾಯು ಕಮಾಂಡು ಶಿಲ್ಲಾಂಗಿನಲ್ಲಿಯೂ ಇದ್ದುದರಿಂದ, ಯುದ್ಧಕಾಲದಲ್ಲಿ ವಾಯುಸೇನೆಯ ಮುಂಗಡ ಕಚೇರಿಯೊಂದನ್ನು ಕಲ್ಕತ್ತೆಯಲ್ಲಿ ಇಡಬೇಕಾಯಿತು. 2020ರಲ್ಲಿ ಮೂರು ಪಡೆಗಳ ಸಮನ್ವಯಕ್ಕಾಗಿ ರಕ್ಷಣಾ ಪಡೆಗಳ ಮುಖ್ಯಸ್ಥರು ಮೊದಲ ಬಾರಿಗೆ ಅಧಿಕಾರವನ್ನು ವಹಿಸಿಕೊಂಡ ಬಳಿಕ, ಒಂದೊಂದು ರಣರಂಗಕ್ಕೂ ಮೂರು ಪಡೆಗಳಿಗೆ ಸೇರಿ ಒಬ್ಬನೇ ನಾಯಕನಿರಬೇಕೆಂಬ ವಾದವು ಬಲಗೊಂಡಿತು. ಇರುವ ಕೆಲವೇ ಸ್ಕ್ವಾಡ್ರನ್‌ಗಳನ್ನು ಹಂಚಿ ಕಟ್ಟಿಹಾಕಿದರೆ ವಿಮಾನಬಲದ ಚಲನಶಕ್ತಿಯೇ ಕುಂದೀತೆಂಬುದು ಇದಕ್ಕೆ ಆಕ್ಷೇಪ. ನೆಲೆಗಳನ್ನು ಪ್ರದೇಶಕ್ಕೆ ಒಪ್ಪಿಸಿದರೂ ವಿಮಾನಗಳು ಅಗತ್ಯವಿದ್ದೆಡೆಗೆ ತೆರಳಲು ಸ್ವತಂತ್ರವಾಗಿರಬೇಕು. ಈ ಎರಡನ್ನೂ ಕೂಡಿಸಲಾರದ ಏರ್ಪಾಡು, ಹೆಸರು ಯಾವುದಾದರೂ, ಪೂರ್ವದ ಗಡಿಗೆ ಸಾಲದು.