ಮಲಪ್ರಭೆಯ ದಂಡೆಯಲ್ಲಿ ಕಲ್ಲಿನ ಪಾಠಶಾಲೆ

ಡಿಸೆಂಬರ್ ಹತ್ತಿರ ಬಂತೆಂದರೆ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಗಡಿಬಿಡಿ ಶುರುವಾಗುತ್ತದೆ. ಉತ್ತರ ಕರ್ನಾಟಕದತ್ತ ಹೊರಡುವ ಬಸ್ಸುಗಳ ಪಟ್ಟಿ ಬಹುತೇಕ ಒಂದೇ: ವಿಜಯಪುರದ ಗೋಳಗುಮ್ಮಟ, ಆಲಮಟ್ಟಿ, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ. ಎರಡು ದಿನಕ್ಕೆ ಆರು ಊರು! ಗುಮ್ಮಟದೊಳಗೆ ಕೂಗಿದ್ದು, ಬಾದಾಮಿಯಲ್ಲಿ ಮಂಗ ಬಾಳೆಹಣ್ಣು ಕಸಿದದ್ದು, ಇಷ್ಟೇ ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ. ತಂದೆ ತಾಯಿ ಕಷ್ಟಪಟ್ಟು ಹೊಂದಿಸಿ ಕೊಟ್ಟ ಹಣಕ್ಕೆ ಇದು ಬಹಳ ಕಡಿಮೆಯಾಯಿತು. ಪಟ್ಟಿಯಲ್ಲಿ ಮೂರು ಊರನ್ನು ಕೈಬಿಟ್ಟು, ಮಲಪ್ರಭಾ ಕಣಿವೆಯ ಮೂರನ್ನೇ ಸಾವಕಾಶವಾಗಿ ನೋಡಿದರೆ ಇತಿಹಾಸದ ಜೊತೆಗೆ ಭೂವಿಜ್ಞಾನ, ಗಣಿತ, ಕನ್ನಡ ಎಲ್ಲದರ ಪಾಠವೂ ಆಗುತ್ತದೆ.

ಬಾದಾಮಿಯಲ್ಲಿ ಮೊದಲು ನೋಡಬೇಕಾದದ್ದು ಶಿಲ್ಪವನ್ನಲ್ಲ, ಕಲ್ಲನ್ನು. ಅಗಸ್ತ್ಯ ತೀರ್ಥದ ಇಕ್ಕೆಲಗಳಲ್ಲಿ ಗೋಡೆಯಂತೆ ನಿಂತಿರುವ ಕೆಂಪು ಬೆಟ್ಟಗಳು ಮರಳುಗಲ್ಲಿನವು. ಡೈನೋಸಾರ್‌ಗಳು ಭೂಮಿಯ ಮೇಲೆ ಕಾಣಿಸಿಕೊಳ್ಳುವುದಕ್ಕೂ ಕೋಟ್ಯಂತರ ವರ್ಷ ಮೊದಲು, ನೀರು ಹೊತ್ತು ತಂದ ಮರಳು ಪದರಪದರವಾಗಿ ಕೂತು, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಕಲ್ಲು ಇದು. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಸರಳವಾಗಿ ಹೇಳುವುದಾದರೆ ತುಕ್ಕಿನದು. ಬಂಡೆಯಲ್ಲಿ ಅಲ್ಲಲ್ಲಿ ಓರೆಯಾದ ಪದರಗಳು ಕಾಣುತ್ತವೆ. ಮರಳು ಬಂದು ಬಿದ್ದಾಗ ನೀರು ಯಾವ ಕಡೆಗೆ ಹರಿಯುತ್ತಿತ್ತು ಎಂಬುದನ್ನು ಭೂವಿಜ್ಞಾನಿಗಳು ಈ ಓರೆಯಿಂದಲೇ ಲೆಕ್ಕ ಹಾಕುತ್ತಾರೆ. ಹೊಳೆದಂಡೆಯ ಮರಳಿನಲ್ಲಿ ಕಾಣುವಂಥ ಅಲೆಯ ಗೆರೆಗಳೂ ಕೆಲವೆಡೆ ಕಲ್ಲಾಗಿಯೇ ಉಳಿದಿವೆ.

ಉಳಿಗೆ ಬಗ್ಗುವಷ್ಟು ಮೃದು, ಶತಮಾನಗಳ ಕಾಲ ನಿಲ್ಲುವಷ್ಟು ಗಟ್ಟಿ. ಇಂಥ ಕಲ್ಲು ಸಿಕ್ಕಿದ್ದರಿಂದಲೇ ಚಾಲುಕ್ಯರ ಶಿಲ್ಪಿಗಳಿಗೆ ಬೆಟ್ಟದೊಳಗೆ ಗುಡಿ ಕೊರೆಯುವುದು ಸಾಧ್ಯವಾಯಿತು. ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದನ್ನು ಶಕವರ್ಷ 465ರ, ಅಂದರೆ ಕ್ರಿ.ಶ. 543ರ ಬಂಡೆ ಶಾಸನ ತಿಳಿಸುತ್ತದೆ. ಮೊದಲನೆಯ ಗುಹೆಯ ಹದಿನೆಂಟು ತೋಳಿನ ನಟರಾಜನ ಮುಂದೆ ಎಲ್ಲರೂ ನಿಲ್ಲುತ್ತಾರೆ. ಮಂಗಳೇಶ ಮಾಡಿಸಿದ ಮೂರನೆಯ ಗುಹೆಗೆ ಮಾತ್ರ ಹೆಚ್ಚು ಹೊತ್ತು ಕೊಡಬೇಕು. ಅಲ್ಲಿ ಕ್ರಿ.ಶ. 578ರ ಶಾಸನವಿದೆ, ಚಾವಣಿಯಂಚಿನಲ್ಲಿ ಹಳೆಯ ವರ್ಣಚಿತ್ರಗಳ ಕುರುಹೂ ಉಳಿದಿದೆ. ಕೆರೆಯ ಆಚೆ ದಡದ ಕಡೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿಯ ಅತಿ ಹಳೆಯ ಮಾದರಿಗಳು ದೊರೆತಿರುವುದು ಅದರಲ್ಲಿ. ಪಠ್ಯಪುಸ್ತಕದಲ್ಲಿ ಓದಿದ ಹುಡುಗರೂ ಅಲ್ಲಿಗೆ ಹೋಗದೆ ಬಸ್ಸು ಹತ್ತುವುದುಂಟು.

ಐಹೊಳೆಯಲ್ಲಿ ಒಂದು ಲೆಕ್ಕ

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ದುರ್ಗ ಗುಡಿಯ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ಪಕ್ಕದ ಕೋಟೆ ಅಥವಾ ದುರ್ಗದಿಂದ ಬಂದದ್ದು. ಲಾಡಖಾನ ಗುಡಿಗೆ ಹಿಂದೊಮ್ಮೆ ಅದರಲ್ಲಿ ವಾಸವಾಗಿದ್ದವರ ಹೆಸರು ಅಂಟಿಕೊಂಡಿದೆ. ಈ ಗುಡಿಯ ಮಾಡನ್ನು ತಲೆಯೆತ್ತಿ ನೋಡಬೇಕು. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದಿನ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಮರದ ಮನೆ ಕಟ್ಟುವವರ ಉಪಾಯ ಇಲ್ಲಿ ಕಲ್ಲಿಗೆ ಬಂದಿದೆ. ಮಳೆನೀರು ಸಂದಿಗೆ ಇಳಿಯದೆ ಜಾರಿಹೋಗುತ್ತದೆ.

ಗುಡ್ಡದ ಮೇಲಿನ ಮೇಗುತಿ ಜೈನ ಬಸದಿಯಲ್ಲಿ ಇಮ್ಮಡಿ ಪುಲಕೇಶಿಯ ಕಾಲದ ರವಿಕೀರ್ತಿಯ ಶಾಸನವಿದೆ. ಹರ್ಷವರ್ಧನನ ಸೋಲನ್ನು ಕವಿ ಅವನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ ಹೇಳಿದ್ದಾನೆ. ತನ್ನನ್ನು ಕಾಳಿದಾಸ, ಭಾರವಿಯರಿಗೆ ಸಮ ಎಂದೂ ಹೊಗಳಿಕೊಂಡಿದ್ದಾನೆ. ಈ ಜಂಬದಿಂದ ಒಂದು ಉಪಕಾರವಾಯಿತು: ಕಾಳಿದಾಸ ಈ ಶಾಸನಕ್ಕಿಂತ ಈಚಿನವನಾಗಿರಲು ಸಾಧ್ಯವಿಲ್ಲ ಎಂಬುದು ಖಚಿತವಾಯಿತು. ಶಾಸನದಲ್ಲಿ ಎರಡು ಕಾಲಗಣನೆಗಳಿವೆ: ಶಕವರ್ಷ 556, ಮತ್ತು ಭಾರತ ಯುದ್ಧ ಕಳೆದು 3735 ವರ್ಷ. ಮೊದಲನೆಯದಕ್ಕೆ 78 ಕೂಡಿಸಿದರೆ ಕ್ರಿ.ಶ. 634 ಬರುತ್ತದೆ. ಅಲ್ಲಿಂದ 3735 ವರ್ಷ ಹಿಂದಕ್ಕೆ ಎಣಿಸಿದರೆ ಪಂಚಾಂಗಗಳು ಕಲಿಯುಗದ ಆರಂಭವೆನ್ನುವ ಕ್ರಿ.ಪೂ. 3102ಕ್ಕೆ ಬಂದು ನಿಲ್ಲುತ್ತೇವೆ. ಕ್ರಿಸ್ತಶಕದಲ್ಲಿ ಸೊನ್ನೆಯ ವರ್ಷ ಇಲ್ಲವೆಂಬುದನ್ನು ಮರೆತವರಿಗೆ 3101 ಎಂಬ ಉತ್ತರ ಬರುತ್ತದೆ. ಏಳನೆಯ ತರಗತಿಯ ಮಕ್ಕಳಿಗೆ ಅಲ್ಲಿಯೇ ಕೂರಿಸಿ ಕೊಡಬಹುದಾದ ಲೆಕ್ಕ ಇದು.

ಅದೇ ಗುಡ್ಡದ ಮೇಲೆ ಚಾಲುಕ್ಯರಿಗಿಂತ ಹಿಂದಿನ ಬೃಹತ್ ಶಿಲಾ ಸಮಾಧಿಗಳೂ ಇವೆ. ನಿಲ್ಲಿಸಿದ ಚಪ್ಪಡಿಗಳ ಮೇಲೊಂದು ಚಪ್ಪಡಿ, ಅಷ್ಟೇ. ಅವುಗಳನ್ನು ನೋಡಿ ಕೆಳಗಿನ ಗುಡಿಗಳನ್ನು ನೋಡಿದರೆ ಮನುಷ್ಯ ಕಲ್ಲಿನ ಜೊತೆ ಎಷ್ಟು ದೂರ ನಡೆದುಬಂದ ಎಂಬುದು ಅರಿವಾಗುತ್ತದೆ.

ಹೊಳೆ ಬಂದಾಗ

ಪಟ್ಟದಕಲ್ಲಿನ ಸ್ಮಾರಕಗಳು 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಇಲ್ಲಿನ ಹಿರಿಯಣ್ಣ. ಗೆದ್ದ ಊರಿನ ಕೈಲಾಸನಾಥ ದೇವಾಲಯದ ಛಾಯೆ ಇದರಲ್ಲಿದೆ. ದಕ್ಷಿಣದ ದ್ರಾವಿಡ ಶಿಖರ, ಉತ್ತರದ ನಾಗರ ಶಿಖರ ಎರಡೂ ಒಂದೇ ಅಂಗಳದಲ್ಲಿ ನೋಡಸಿಗುವುದು ಈ ಊರಿನ ವಿಶೇಷ.

ಪಶ್ಚಿಮ ಘಟ್ಟದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಊರಿಗೆ ಪಾವಿತ್ರ್ಯ ತಂದ ಹೊಳೆಯೇ ಅಪಾಯವನ್ನೂ ತರುತ್ತದೆ. ಆಗಸ್ಟ್ 2019ರಲ್ಲಿ ಘಟ್ಟದ ಮಳೆ ಜೋರಾಗಿ, ನವಿಲುತೀರ್ಥದ ಅಣೆಕಟ್ಟಿನಿಂದಲೂ ನೀರು ಬಿಟ್ಟಾಗ, ಗುಡಿಗಳ ಅಂಗಳವೇ ಕೆರೆಯಾಯಿತು. ಊರಿನವರು ಮನೆ ಬಿಟ್ಟು ಹೊರಡಬೇಕಾಯಿತು.

ಮರಳುಗಲ್ಲು ಸೂಕ್ಷ್ಮರಂಧ್ರಗಳ ಕಲ್ಲು. ಒಳಗಿಳಿದ ನೀರು ಆರುವಾಗ ಅದರಲ್ಲಿ ಕರಗಿದ ಲವಣ ಹರಳುಗಟ್ಟಿ, ಕಣಕಣವನ್ನೂ ಸಡಿಲಿಸುತ್ತದೆ. ಹೊರನೋಟಕ್ಕೆ ಏನೂ ಆಗಿರುವುದಿಲ್ಲ. ಕೆಲವು ವರ್ಷಗಳ ಮೇಲೆ ಸಿಪ್ಪೆ ಏಳುತ್ತದೆ. ಹೊಳೆಯನ್ನು ಶಾಲೆಯವರು ತಡೆಯಲಾರರು. ಮೊಳೆ ಹಿಡಿದು ಗೋಡೆಯ ಮೇಲೆ ಹೆಸರು ಕೊರೆಯುವ ಕೈಯನ್ನಂತೂ ತಡೆಯಬಹುದು.

ಐಹೊಳೆಯ ಸಮಸ್ಯೆ ಬೇರೆ ಬಗೆಯದು. ಗುಡಿಗಳಿಗೆ ತಾಗಿಕೊಂಡೇ ಮನೆಗಳಿವೆ. ಊರನ್ನು ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದಿದೆ. ಸ್ಮಾರಕ ಉಳಿಯಬೇಕೆಂಬುದು ಸರಿ. ಆದರೆ ತಲೆಮಾರುಗಳಿಂದ ಅಲ್ಲೇ ಬಾಳಿದವರಿಗೆ ಹೊಲ ಎಷ್ಟು ದೂರವಾದೀತು, ದನ ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆಗಳೂ ಅಷ್ಟೇ ನಿಜ. ಪ್ರವಾಸಕ್ಕೆ ಹೋದ ಮಕ್ಕಳು ಊರಿನ ಹಿರಿಯರೊಬ್ಬರನ್ನು ಮಾತನಾಡಿಸಿದರೆ ಇದು ತಿಳಿಯುತ್ತದೆ. ಮಾರ್ಗದರ್ಶಿ ಪುಸ್ತಕದಲ್ಲಿ ಇದಿಲ್ಲ.

ಬಾದಾಮಿಗೆ ರೈಲಿನ ಅನುಕೂಲವಿದೆ. ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ. ಅಲ್ಲಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ., ಅದರ ಮುಂದೆ ಐಹೊಳೆ ಹದಿಮೂರು-ಹದಿನಾಲ್ಕು ಕಿ.ಮೀ. ಬೇಸಿಗೆಯಲ್ಲಿ ಕಲ್ಲು ಕಾದು ಕಾಲಿಡಲಾಗದು. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಹೋಗಬಹುದು. ಗುಡಿಯ ಬಳಿ ಬುಟ್ಟಿ ಹೊತ್ತು ಬರುವ ಹೆಂಗಸರು ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯ ಗಟ್ಟಿ ಮೊಸರು ಬಡಿಸುತ್ತಾರೆ. ಮಂಗಗಳಿರುವ ಗುಹೆಗಳ ಹತ್ತಿರ ಮಾತ್ರ ತಿಂಡಿಯ ಪೊಟ್ಟಣ ಬಿಚ್ಚದಿರುವುದು ಲೇಸು.