ಹದ್ದಿನ ಕಣ್ಣು, ಹಿತ್ತಲಿನ ಮರೆ

ಕರಾವಳಿಯ ಹಿತ್ತಲುಗಳಲ್ಲಿ ಮೇಯುವ ಊರಕೋಳಿಗಳು ಎಷ್ಟೋ ಗೃಹಿಣಿಯರ ಕೈಖರ್ಚಿಗೆ ಆಧಾರ. ಮರಿಗಳು ಅಂಗಳಕ್ಕಿಳಿದೊಡನೆ ಗಿಡುಗ, ಹದ್ದುಗಳ ಕಣ್ಣು ಅವುಗಳ ಮೇಲೆ ಬೀಳುತ್ತದೆ. ಆದರೆ ಕೋಪದಿಂದ ಕೋವಿ ಹಿಡಿಯುವುದು ಪರಿಹಾರವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅವುಗಳನ್ನು ಕೊಲ್ಲುವುದು ಅಪರಾಧ. ಗದ್ದೆಯ ಇಲಿಗಳನ್ನು ಹಿಡಿದು ರೈತನಿಗೆ ಉಪಕರಿಸುವುವೂ ಈ ಹಕ್ಕಿಗಳೇ.

ಮರೆಯಿಲ್ಲದ ಬಯಲೇ ನಿಜವಾದ ಅಪಾಯ. ತಾಯಿಕೋಳಿ ಎಚ್ಚರಿಕೆಯ ಕೂಗು ಕೊಟ್ಟೊಡನೆ ಮರಿಗಳಿಗೆ ಅಡಗಲು ಸ್ಥಳ ಬೇಕು. ಆದುದರಿಂದ ಅಂಗಳದಂಚಿನಲ್ಲಿ ದಾಸವಾಳದಂಥ ದಟ್ಟ ಪೊದೆಗಳನ್ನು ಬೆಳೆಸೋಣ. ಮೊದಲ ಕೆಲವು ವಾರ ಮರಿಗಳನ್ನು ಹಳೆಯ ಮೀನುಬಲೆ ಹೊದಿಸಿದ ಆವರಣದಲ್ಲಿ ಮೇಯಿಸೋಣ. ಬಲೆ ಬಿಗಿಯಾಗಿರಲಿ, ಸಡಿಲವಾದರೆ ಹಕ್ಕಿಗಳು ಸಿಲುಕಿ ಸಾಯುತ್ತವೆ. ಹಸಿದು ಬರುವುದು ಹದ್ದಿನ ಸ್ವಭಾವ. ಮರೆ ಒದಗಿಸುವುದು ಸಾಕುವ ನಮ್ಮ ಕರ್ತವ್ಯ.