ಮನೆ ಇಲ್ಲ, ಬಾಕಿ ಇದೆ!

ಕಾರವಾರ ತಾಲೂಕಿನ ತೋಡೂರು. ಇಲ್ಲಿ ಸೀಬರ್ಡ್ ನಿರಾಶ್ರಿತರ ಕಾಲೊನಿ ಇದೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ಕಡೆಯ 13 ಹಳ್ಳಿಗಳ ಜನ ಮನೆಮಠ ಬಿಟ್ಟರು.

ಹಾಗೆ ನೆಲಸಮವಾದ ಮನೆಗೆ ಹಳೇ ತೆರಿಗೆ ಬಾಕಿ ಇದ್ದರೆ ಅದೆಲ್ಲಿ ಹೋಗುತ್ತೆ?

ಎಲ್ಲೂ ಹೋಗಲ್ಲ. ಪಂಚಾಯ್ತಿ ವಹಿ ನೋಡಿ: ಬೇಡಿಕೆ, ವಸೂಲಿ, ಬಾಕಿ. ಮಾರ್ಚ್ 31ರ ಬಾಕಿ, ಏಪ್ರಿಲ್ 1ಕ್ಕೆ ಹೊಸ ಬೇಡಿಕೆಯ ತಲೆ ಮೇಲೆ ಕೂರುತ್ತೆ. ಹೀಗೇ ವರ್ಷ ವರ್ಷ. ಕಾಗದದಲ್ಲಿ ಲಕ್ಷಗಟ್ಟಲೆ ಬರಬೇಕು. ಆ ದುಡ್ಡಲ್ಲಿ ಒಂದು ಬೀದಿದೀಪದ ಬಲ್ಬೂ ಬರಲ್ಲ!

1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಮೊದಲು ಬಿಲ್, ಆಮೇಲೆ ಬೇಡಿಕೆ ನೋಟಿಸು, ಅದಕ್ಕೂ ಬಗ್ಗದಿದ್ದರೆ ಚರಾಸ್ತಿ ಜಪ್ತಿ. ಆದರೆ ಮನೆಯೇ ಇಲ್ಲ, ಯಜಮಾನ ತೀರಿಕೊಂಡಿದ್ದಾರೆ, ವಾರಸುದಾರರ ಪತ್ತೆ ಇಲ್ಲ ಅಂದರೆ ಜಪ್ತಿ ಮಾಡೋದು ಏನನ್ನ?

ಇಂಥ ಬಾಕಿಯನ್ನ 'ವಸೂಲಾಗದ್ದು' ಅಂತ ಲೆಕ್ಕದಿಂದ ತೆಗೀಬೇಕು. ಬಿಲ್ ಕಲೆಕ್ಟರ್ ಪೆನ್ನೆತ್ತಿ ಗೀಟು ಹಾಕೋ ಕೆಲಸ ಅಲ್ಲ ಇದು. ನೋಟಿಸಿನ ಪ್ರತಿ, ಸ್ಥಳ ಪರಿಶೀಲನೆ, ಸಭೆಯ ಠರಾವು ಬೇಕು. ಇಲ್ಲದಿದ್ದರೆ ಆಡಿಟ್‌ನವರು ಬಿಡ್ತಾರಾ? ಉಳ್ಳವರ ಬಾಕಿಯೂ ಇದೇ ಬಾಗಿಲಲ್ಲಿ ನುಸುಳಬಹುದಲ್ಲ!

ಹೀಗೆ ಬಾಕಿ ತೆಗೆಯೋದು ಬಡ್ಡಿ ಮನ್ನಾ ಅಲ್ಲ. 2024ರಲ್ಲಿ ಬೆಂಗಳೂರಿನ ಬಿಬಿಎಂಪಿ ಬಡ್ಡಿ ಬಿಟ್ಟಿದ್ದು ಅಸಲು ಕಟ್ಟಿದವರಿಗೆ. ಅಲ್ಲಿ ದುಡ್ಡು ಬಂತು. ಇಲ್ಲಿ ಬರಲ್ಲ ಅಂತ ಒಪ್ಪಿಕೊಳ್ಳೋದು.

ನೀವು ಹಳೇ ಮನೆ ಕೆಡವಿದ್ದೀರಾ? ಮನೆ ಈಗ ಇಲ್ಲ, ವಹಿಯಿಂದ ತೆಗೆಯಿರಿ ಅಂತ ಪಂಚಾಯ್ತಿ ಪಿಡಿಒಗೆ ಅರ್ಜಿ ಬರೆದುಕೊಡಿ. ಸ್ವೀಕೃತಿ ಇಸ್ಕೊಳ್ಳೋದು ಮರೀಬೇಡಿ.